ಹೆಸರು ಬಿಟ್ಟು ಕಥೆ ಹೇಳುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನನಗೆ ಮೊದಲು ಹೊಳೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅಯ್ಯೋ, ಆ ಮೂವರು ಅಕ್ಕತಂಗಿಯರ ಕಥೆ ಅರ್ಧಕ್ಕೇ ನಿಂತುಹೋಯಿತಲ್ಲ ಅಂದುಕೊಂಡೆ. ಅಳು ಬಂದದ್ದು ಆಮೇಲೆ, ಒಂದು ಲೋಟ ನೀರು ಕುಡಿದು ಕುರ್ಚಿಯಲ್ಲಿ ಕುಳಿತ ಮೇಲೆ. ಶಾಲೆಯ ರಜೆಗೆಂದು ಪುತ್ತೂರಿಗೆ ಹೋಗಿದ್ದರು. ಮಧ್ಯಾಹ್ನ ಊಟ ಮುಗಿಸಿ ಮಲಗಿದವರು ಮತ್ತೆ ಏಳಲಿಲ್ಲವಂತೆ. ಐವತ್ತೆಂಟೋ ಐವತ್ತೊಂಬತ್ತೋ ಇರಬೇಕು, ನಿವೃತ್ತಿ ಹತ್ತಿರದಲ್ಲೇ ಇತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಒಮಾನಿನ ಮಸ್ಕತ್ತಿನಲ್ಲಿ, ರೂವಿ ಕಡೆಯ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದರು, ಹಾಗಾಗಿ ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಅವರು ಲೈಬ್ರರಿ ಮೇಡಂ. ಬ್ಯಾರಿ ಮನೆಯ ಹೆಣ್ಣುಮಗಳು. ಗಂಡನಿಗೆ ಒಂದೂವರೆ ಗಂಟೆ ದಾರಿಯಾಚೆಯ ಸುವೈಕಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಗಂಡ ಗುರುವಾರ ಸಂಜೆ ಮನೆಗೆ ಬಂದು ಶನಿವಾರ ಹೊರಡುತ್ತಿದ್ದರು. ಒಬ್ಬಳೇ ಮಗಳು, ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದವಳು, ಈಗ ಇಲ್ಲಿನದೇ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್.

ನನಗೂ ಮೇಡಂಗೂ ನಂಟು ಬೆಳೆದದ್ದು ಕಾರಿನಲ್ಲಿ. ಇಲ್ಲಿ ಒಬ್ಬರ ಕಾರಿನಲ್ಲಿ ಮೂರು ನಾಲ್ಕು ಜನ ಸೇರಿ ಕೆಲಸಕ್ಕೆ ಹೋಗುವುದಕ್ಕೆ ಕಾರ್ ಲಿಫ್ಟ್ ಎನ್ನುತ್ತಾರೆ. ನಮ್ಮ ಯಜಮಾನರು ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಶಿಫ್ಟ್ ಕೆಲಸದವರು, ನಮ್ಮ ಕಾರು ಅವರ ಹಿಂದೆಯೇ ಹೋಗುತ್ತದೆ. ನಾನು ಹಮ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್, ಬೆಳಿಗ್ಗೆ ಏಳಕ್ಕೆಲ್ಲ ಜನ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದು ಕುಳಿತಿರುತ್ತಾರೆ. ಮೇಡಂ ಕಾರಿನ ಮುಂದಿನ ಸೀಟು ನನ್ನದು. ಹಿಂದಿನ ಸೀಟು ಐರಿನಳದು, ನಮ್ಮದೇ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವ ಮಂಗಳೂರಿನ ಕೊಂಕಣಿ ಹೆಂಗಸು. ದಟ್ಟಣೆ ಇದ್ದ ದಿನ ನಲವತ್ತು ನಿಮಿಷದ ದಾರಿ. ಆ ನಲವತ್ತು ನಿಮಿಷ ಮೇಡಂ ನಮಗೆ ಕಾದಂಬರಿ ಹೇಳುತ್ತಿದ್ದರು.

ಕಾದಂಬರಿಗಳು ಬಂದದ್ದೂ ಒಂದು ಕಥೆಯೇ. ಮೂರು ವರ್ಷದ ಹಿಂದೆ ನಮ್ಮ ಕಟ್ಟಡದ ಒಂದು ಕುಟುಂಬ ದೇಶ ಬಿಟ್ಟು ಹೊರಟಾಗ, ಎಲ್ಲರೂ ಮಾಡುವಂತೆ, ಬೇಡದ ಸಾಮಾನನ್ನೆಲ್ಲ ಲಿಫ್ಟಿನ ಮುಂದೆ ಇಟ್ಟು ಹೋದರು. ಇಸ್ತ್ರಿ ಪೆಟ್ಟಿಗೆ, ಪರದೆ, ಮಗುವಿನ ತೊಟ್ಟಿಲು ಅರ್ಧ ಗಂಟೆಯಲ್ಲಿ ಖಾಲಿ. ಉಳಿದದ್ದು ಒಂದು ರಟ್ಟಿನ ಪೆಟ್ಟಿಗೆ ಇಂಗ್ಲಿಷ್ ಪುಸ್ತಕ. ಮೆಕ್ಸಿಕೊ, ಕ್ಯೂಬಾ, ಪೋರ್ಟೊರಿಕೊ ಕಡೆಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೆಗಳ ಹೆಣ್ಣುಮಕ್ಕಳು ಈಚೆಗೆ ಬರೆದ ಕಾದಂಬರಿಗಳು. ಮುಖಪುಟದಲ್ಲಿ ಚೆಂಡುಹೂವು, ಜಡೆ, ತಬ್ಬಿಕೊಂಡ ಜೋಡಿಗಳು. ಮೇಡಂ ಎಲ್ಲವನ್ನೂ ಮನೆಗೆ ಹೊರಿಸಿಕೊಂಡು ಹೋದರು. ಮರುವಾರ ನೋಡಿದರೆ ಹನ್ನೆರಡಕ್ಕೂ ಶಾಲೆಮಕ್ಕಳ ಪುಸ್ತಕದ ಹಾಗೆ ಕಂದು ಕಾಗದದ ಹೊದಿಕೆ, ಮೇಲೆ ಬರೀ ನಂಬರು. ಒಂದರಿಂದ ಹನ್ನೆರಡು.

"ಹೆಸರಾದ್ರೂ ಬರೀಬಾರ್ದಾ ಮೇಡಂ?" ಎಂದೆ.

"ಹೆಸರು ಎಂತಕ್ಕೆ ಮಾರಾಯ್ತಿ? ಹೆಸರು ಬರೆದ್ರೆ ಅದು ಬೇರೆಯವರ ಮನೆಯದ್ದು ಆಗ್ತದೆ."

ಕಥೆ ಹೇಳುವಾಗಲೂ ಅದೇ ಕ್ರಮ. ಒಂದೇ ಒಂದು ಹೆಸರು ಅವರ ಬಾಯಿಂದ ಬರುತ್ತಿರಲಿಲ್ಲ. ದೊಡ್ಡಮ್ಮ, ಕಿರಿಯವಳು, ಆ ಕುಡುಕ ಮಾವ, ಮಾತಾಡದ ಅಜ್ಜಿ, ಅಷ್ಟೇ. ಊರೂ ಇಲ್ಲ, ಬೀದಿಯೂ ಇಲ್ಲ. ಎಲೆಯಲ್ಲಿ ಸುತ್ತಿ ಬೇಯಿಸುವ ಅವರ ತಿಂಡಿ ಮೇಡಂ ಬಾಯಲ್ಲಿ ಕರಾವಳಿಯ ಮೂಡೆಯಾಗುತ್ತಿತ್ತು. ಮೆಕ್ಸಿಕೊದ ಅಜ್ಜಿ ಮೂಡೆ ಮಾಡುವುದುಂಟೇ ಎಂದು ನಾನು ನಕ್ಕರೆ, "ಎಲೆ ಬೇರೆ, ಹಿಟ್ಟು ಬೇರೆ. ಮಾಡುವವಳ ಸೊಂಟನೋವು ಒಂದೇ ಅಲ್ವಾ?" ಎನ್ನುತ್ತಿದ್ದರು. ಹದಿನೈದು ತುಂಬಿದ ಹುಡುಗಿಗೆ ಆ ಜನ ಮಾಡುವ ದೊಡ್ಡ ಸಂಭ್ರಮವನ್ನು "ಮದುವೆಯೇ ಸೈ, ಮದಿಮಾಯ ಮಾತ್ರ ಇಲ್ಲ" ಎಂದು, ಅಂದರೆ ಮದುಮಗನಿಲ್ಲದ ಮದುವೆ ಎಂದು, ಒಂದೇ ಮಾತಿನಲ್ಲಿ ಮುಗಿಸಿದ್ದರು.

ಹಮ್ರಿಯಾದ ಸಿಗ್ನಲ್ ಬಂತೆಂದರೆ ಕಥೆ ನಿಲ್ಲುತ್ತಿತ್ತು. ಯಾರಾದರೂ ಸಾಯುವುದರಲ್ಲಿರಲಿ, ಯಾರಾದರೂ ಬಾಗಿಲು ತಟ್ಟುವುದರಲ್ಲಿರಲಿ, "ಖಲಾಸ್, ಉಳಿದದ್ದು ನಾಳೆ." ಇಲ್ಲಿ ಶುಕ್ರವಾರ, ಶನಿವಾರ ರಜೆ, ಗುರುವಾರ ನಿಲ್ಲಿಸಿದರೆ ಭಾನುವಾರದವರೆಗೆ ನಮ್ಮ ಗತಿ ಯಾರಿಗೂ ಬೇಡ. ಮರುದಿನ ಸ್ಟಿಯರಿಂಗ್ ಹಿಡಿದು, ತಲೆಯ ಶಾಲು ಸರಿಮಾಡಿಕೊಂಡು, "ಎಲ್ಲಿ ನಿಲ್ಲಿಸಿದ್ದು?" ಎಂದು ಕೇಳುತ್ತಿದ್ದರು. ಗೊತ್ತಿಲ್ಲದೆ ಕೇಳುತ್ತಿರಲಿಲ್ಲ, ನಾವು ಕೇಳಿಸಿಕೊಂಡಿದ್ದೇವೋ ಇಲ್ಲವೋ ಎಂಬ ಪರೀಕ್ಷೆ ಅದು.

ಇನ್ನೊಂದು ಅಭ್ಯಾಸವಿತ್ತು. ಕಥೆಯಲ್ಲಿ ಯಾರಾದರೂ ಇಕ್ಕಟ್ಟಿಗೆ ಸಿಕ್ಕರೆ ನಮ್ಮನ್ನು ಕೇಳುತ್ತಿದ್ದರು, "ನೀವಾದ್ರೆ ಎಂತ ಮಾಡ್ತಿದ್ದಿರಿ?" ಅಭಿಪ್ರಾಯ ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ. ಗಂಡ ಬಿಟ್ಟವಳು ಮತ್ತೆ ಅವನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕೇ, ಸ್ಪ್ಯಾನಿಷ್ ಬಾರದ ಮೊಮ್ಮಗಳು ಅಜ್ಜಿಯ ಹಾಸಿಗೆಯ ಪಕ್ಕ ಕುಳಿತು ಏನು ಮಾಡಬೇಕು, ಎಲ್ಲಕ್ಕೂ ನನ್ನ ಬಳಿ ತೀರ್ಪು ಸಿದ್ಧ. ಮೇಡಂ ತಲೆಯಾಡಿಸಿ ಬಹಳ ಗಂಭೀರವಾಗಿ ಕೇಳಿಸಿಕೊಳ್ಳುತ್ತಿದ್ದರು. ಅದು ನನಗೆ ಹೆಮ್ಮೆ.

ತಮ್ಮ ಮನೆಯವರ ಸುದ್ದಿಯನ್ನೂ ಅವರು ಹೀಗೆಯೇ ಹೆಸರು ಬಿಟ್ಟು ಹೇಳುತ್ತಿದ್ದರಿಂದ ನಮಗೆ ಎಷ್ಟೋ ಸಲ ಗೊಂದಲವಾಗುತ್ತಿತ್ತು. ಒಮ್ಮೆ ಒಬ್ಬ ದೊಡ್ಡಮ್ಮನಿಗೆ ಸ್ತನದ ಕ್ಯಾನ್ಸರ್ ಎಂದು ಕೇಳಿ ಐರಿನ್ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿ ಬಂದಳು. ಅದು ನಾಲ್ಕನೇ ನಂಬರಿನ ಪುಸ್ತಕದ ದೊಡ್ಡಮ್ಮ ಎಂದು ಗೊತ್ತಾದದ್ದು ಒಂದು ವಾರದ ನಂತರ. ಮೇಡಂ ನಗಲಿಲ್ಲ. "ಇರ್ಲಿ, ಯಾರಿಗಾದ್ರೂ ಬೇಕಾಗ್ತದೆ" ಎಂದರು. ಇನ್ನೊಮ್ಮೆ ಆಪರೇಷನ್ ಥಿಯೇಟರಿನ ಹೊರಗೆ ಕಾಯುತ್ತಿದ್ದ ತಂಗಿಯ ಕಥೆ ಕೇಳಿ, ಮರುದಿನ ನಾನು ಉತ್ಸಾಹದಿಂದ "ಅಣ್ಣ ಉಳಿದನಾ ಮೇಡಂ?" ಎಂದೆ. "ಉಳಿದ. ನಿನ್ನೆ ವಾರ್ಡಿಗೆ ತಂದ್ರು. ಪುತ್ತೂರಿನ ಆಸ್ಪತ್ರೆ, ನನ್ನ ಅಣ್ಣ" ಎಂದರು. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಆ ಪುಸ್ತಕಗಳಲ್ಲಿ ಅವರಿಗೆ ಅಷ್ಟೊಂದು ಏನು ಕಂಡಿತ್ತೆಂದು ಕೇಳಿದರೆ ಒಂದು ದಿನದ ಮಾತು ಹೇಳಬಹುದು. ಅವರ ಮನೆಗೆ ಹೋಗಿದ್ದೆ. ಮಗಳೊಡನೆ ಇವರು ಬ್ಯಾರಿಯಲ್ಲಿ, ಅವಳು ಇವರಿಗೆ ಇಂಗ್ಲಿಷಿನಲ್ಲಿ, ನಡುವೆ ಬಾಗಿಲಿಗೆ ಬಂದ ವಾಚ್‌ಮ್ಯಾನ್ ಜೊತೆ ಹಿಂದಿ, ನನ್ನ ಜೊತೆ ಕನ್ನಡ, ಫೋನಿನಲ್ಲಿ ಟಯರ್ ಅಂಗಡಿಯವನಿಗೆ ಅರಬ್ಬಿ. ಎಲ್ಲ ಮುಗಿಸಿ ಸೋಫಾದಲ್ಲಿ ಕುಳಿತು, "ನೋಡು, ನನ್ನ ಮಗಳಿಗೆ ಊರು ಯಾವುದು ಅಂತ ನೆನಪಾಗುದು ಫಾರಂ ತುಂಬಿಸುವಾಗ ಮಾತ್ರ. ಆ ಪುಸ್ತಕದ ಹುಡುಗಿಯರೂ ಹಾಗೆಯೇ. ಇಷ್ಟು ವರ್ಷ ನಾನೊಬ್ಬಳೇ ಇಂಥ ಮಗಳನ್ನು ಹೆತ್ತದ್ದು ಅಂತ ಗ್ರಹಿಸಿದ್ದೆ" ಎಂದರು.

ಸುದ್ದಿ ಬಂದ ಒಂದೂವರೆ ತಿಂಗಳಿಗೆ, ಒಂದು ಶುಕ್ರವಾರ ಮಧ್ಯಾಹ್ನ, ಆ ಮಗಳು ನಮ್ಮ ಮನೆಗೆ ಬಂದಳು. ಪುಸ್ತಕದ ಪೆಟ್ಟಿಗೆ ಎತ್ತಿಕೊಂಡು ಬಂದಿದ್ದಳು. ಬಾಡಿಗೆಯ ಅವಧಿ ಮುಗಿದ ಮೇಲೆ ಮನೆ ಖಾಲಿ ಮಾಡಿ ತಂದೆಯ ಜೊತೆ ಸುವೈಕಿಗೆ ಹೋಗುತ್ತಾಳಂತೆ. "ಇದು ನಿಮಗೆ ಆಂಟಿ" ಎಂದು ಕೆಳಗಿಟ್ಟು, ನಿಂತೇ ಇದ್ದಳು. ಕೂರು ಎಂದ ಮೇಲೆ ಕುಳಿತಳು.

"ಆಂಟಿ, ನಾನು ಒಬ್ಬರನ್ನು ಲೈಕ್ ಮಾಡ್ತೇನೆ. ನಮ್ಮ ಆಸ್ಪತ್ರೆಯ ಎಕ್ಸ್‌ರೇಯಲ್ಲಿದ್ದಾರೆ. ಒಮಾನಿ. ಉಪ್ಪನಿಗೆ ಹೇಳಿದೆ."

"ಏನಂದ್ರು ನಿಮ್ಮ ತಂದೆ?"

"ಬೈಲಿಲ್ಲ. ನಿನ್ನ ಉಮ್ಮ ಹೂಂ ಅಂತಿದ್ದಳು ಅಂತ ಗೊತ್ತಾದ್ರೆ ನಾನೂ ಹೂಂ ಅಂತೇನೆ, ಗೊತ್ತಾಗದೆ ಅನ್ನುದಿಲ್ಲ ಅಂದ್ರು. ಊರಿನಿಂದ ಒಂದು ಪ್ರಪೋಸಲ್ ಬಂದಿದೆ, ಅದಕ್ಕೆ ಆನ್ಸರ್ ಕೊಡ್ಬೇಕು." ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನಾನು ಉಮ್ಮನಿಗೆ ಹೇಳ್ಲೇ ಇಲ್ಲ ಆಂಟಿ. ರಜೆಯಿಂದ ಬಂದ ಮೇಲೆ ಹೇಳ್ತೇನೆ ಅಂತ ಇದ್ದೆ. ನಿಮ್ಮ ಹತ್ರ ಎಂತಾದ್ರೂ ಹೇಳಿದ್ದಾರಾ? ಅವರಿಗೆ ಗೊತ್ತಿತ್ತಾ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. "ಇಲ್ಲಮ್ಮ, ನಿನ್ನ ವಿಷಯ ಅವ್ರು ಏನೂ ಹೇಳ್ಲಿಲ್ಲ" ಎಂದೆ. ಅವಳು ತಲೆಯಾಡಿಸಿ, ಚಹಾ ಬೇಡ ಎಂದು ಹೊರಟುಹೋದಳು.

ಭಾನುವಾರ ಟ್ಯಾಕ್ಸಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ದಾರಿಯಲ್ಲಿ ಕುರುಮ್ ಎಂಬಲ್ಲಿನ ಏರು ಹತ್ತುವಾಗ, ಅದೇ ಜಾಗದಲ್ಲಿ ಮೇಡಂ ಹೇಳಿದ ಒಂದು ಕಥೆ ನೆನಪಾಯಿತು.

ಕಳೆದ ರಂಜಾನಿಗೆ ಇನ್ನೂ ಒಂದೆರಡು ವಾರ ಇತ್ತು. ಆ ದಿನ ಅವರು "ಎಲ್ಲಿ ನಿಲ್ಲಿಸಿದ್ದು" ಎಂದು ಕೇಳಲೇ ಇಲ್ಲ. ನೇರವಾಗಿ ಶುರುಮಾಡಿದರು. "ಒಬ್ಬಳು ತಾಯಿ. ಮಗಳು ಯಾರನ್ನೋ ಮೆಚ್ಚಿದ್ದಾಳೆ ಅಂತ ಅವಳಿಗೆ ಗೊತ್ತಾಗ್ತದೆ. ಮಗಳು ಹೇಳಿದ್ದಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?" ಐರಿನ್ ಹಿಂದಿನಿಂದ ಕೇಳಿದಳು.

"ಮಗಳು ಅಡುಗೆಮನೆಗೆ ಬಂದು ಸುಮ್ಮನೆ ನಿಲ್ತಾಳೆ. ಎಂತ ಬೇಕು ಕೇಳಿದ್ರೆ, ಎಂತ ಇಲ್ಲ ಹೇಳಿ ಹೋಗ್ತಾಳೆ. ಎರಡು ತಿಂಗಳಿಂದ ಹಾಗೆ." ಹುಡುಗ ಬೇರೆ ಜನವಂತೆ. ಅವನ ಅಜ್ಜಿ ಸಮುದ್ರದಾಚೆಯ ಒಂದು ದ್ವೀಪದಿಂದ ಬಂದವಳು. "ಅಜ್ಜಿಗೆ ದ್ವೀಪದ ಭಾಷೆ, ಹುಡುಗನಿಗೆ ಊರಿನ ಭಾಷೆ. ಇವರಿಬ್ಬರು ಪ್ರೀತಿ ಮಾಡುದು ಇಂಗ್ಲಿಷಿನಲ್ಲಿ. ಈಗ ತಾಯಿ ಎಂತ ಮಾಡ್ಬೇಕು? ಮಗಳ ಹತ್ರ ಕೇಳ್ಬೇಕಾ, ಬಿಡ್ಬೇಕಾ?"

ಆ ಕಾದಂಬರಿಗಳಲ್ಲಿ ದ್ವೀಪದ ಅಜ್ಜಿಯರಿಗೆ ಬರವೇ ಇರಲಿಲ್ಲ. ನಾನು ಕೈಚೀಲದಲ್ಲಿ ಐಡಿ ಕಾರ್ಡ್ ಹುಡುಕುತ್ತಲೇ ತೀರ್ಪು ಕೊಟ್ಟೆ. "ಸುಮ್ನಿರ್ಬೇಕು ಮೇಡಂ. ಮಗಳೇ ಬಾಯ್ಬಿಡೋ ತನಕ ಕಾಯ್ಬೇಕು. ಮೊದ್ಲೇ ಕೇಳಿದ್ರೆ ಹೆದರ್ಕೊಂಡು ಇಲ್ಲ ಅಂದ್ಬಿಡ್ತಾಳೆ."

"ಎಷ್ಟು ಸಮಯ ಕಾಯುದು?"

"ಎಷ್ಟಾದ್ರೂ ಕಾಯ್ಲಿ ಬಿಡಿ. ಇನ್ನೂ ಇನ್ನೂರು ಪುಟ ಇರತ್ತಲ್ಲ!"

ಐರಿನ್ ನಕ್ಕಳು. ಮೇಡಂ ನಕ್ಕರೇ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಅವರ ಮುಖವನ್ನು ನಾನು ನೋಡಿರಲೇ ಇಲ್ಲ.

ಅದು ಪುಸ್ತಕದ ತಾಯಿಯೇ, ಮೇಡಂ ಅವರೇ? ಪುಸ್ತಕದವಳಾಗಿದ್ದರೆ ನಾನು ಯಾರಿಗೂ ಏನೂ ಮಾಡಿಲ್ಲ. ಇವರೇ ಆಗಿದ್ದರೆ, ಒಬ್ಬ ತಾಯಿ ತನ್ನ ಮಗಳೊಡನೆ ಮಾತಾಡಬಹುದಾಗಿದ್ದ ಕೊನೆಯ ನಾಲ್ಕೈದು ತಿಂಗಳನ್ನು ನಾನು ಐಡಿ ಕಾರ್ಡ್ ಹುಡುಕುತ್ತ ಹಾಳುಮಾಡಿದ್ದೆ. ಐರಿನಳನ್ನು ಕೇಳಿದೆ. "ಅದು ಪುಸ್ತಕದ್ದೇ ಅಲ್ವಾ? ಇಲ್ಲದಿದ್ರೆ ನಮಗೆ ಹೇಳ್ತಿರ್ಲಿಲ್ವಾ?" ಎಂದು ನನ್ನನ್ನೇ ತಿರುಗಿ ಕೇಳಿದಳು.

ಪೆಟ್ಟಿಗೆ ಬಿಚ್ಚಿದೆ. ನಾನು ಇಂಗ್ಲಿಷ್ ಕಾದಂಬರಿ ಓದಿ ಇಪ್ಪತ್ತು ವರ್ಷವಾಗಿರಬೇಕು. ಒಂದೊಂದನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆ, ರೋಗಿಗಳು ಕಡಿಮೆಯಿದ್ದ ಹೊತ್ತಿನಲ್ಲಿ ಲ್ಯಾಬಿನಲ್ಲೂ ಓದಿದೆ. ಅಂಚಿನಲ್ಲಿ ಅವರ ಪೆನ್ಸಿಲ್ ಗೆರೆಗಳಿದ್ದವು, ಆ ದಿನದ ಕಥೆ ಎಲ್ಲಿಗೆ ನಿಲ್ಲಬೇಕೆಂಬ ಗುರುತು. ಗೆರೆಯಿಂದ ಗೆರೆಗೆ ಓದುತ್ತಿದ್ದರೆ ಅವರ ದನಿಯೇ ಕೇಳಿಸುತ್ತಿತ್ತು. ಬೈಯುವ ತಾಯಂದಿರು ಸಿಕ್ಕರು, ಹೊಡೆಯುವವರು ಸಿಕ್ಕರು, ಮಗಳ ಪ್ರೇಮಪತ್ರ ಕದ್ದು ಓದುವವರೂ ಸಿಕ್ಕರು. ಅಡುಗೆಮನೆಗೆ ಬಂದು ಸುಮ್ಮನೆ ನಿಲ್ಲುವ ಮಗಳು ಎಲ್ಲೂ ಸಿಗಲಿಲ್ಲ. ಹಾಗೆಂದು ನಿಟ್ಟುಸಿರು ಬಿಡುವ ಹಾಗೂ ಇರಲಿಲ್ಲ. ಪೆಟ್ಟಿಗೆಯಲ್ಲಿ ಇದ್ದದ್ದು ಹನ್ನೊಂದೇ ಪುಸ್ತಕ, ಏಳನೇ ನಂಬರಿನದು ಇರಲಿಲ್ಲ. ಅವಳು ಅದರಲ್ಲಿದ್ದರೆ? ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಕೊನೆಗೆ, ಗೊತ್ತಿಲ್ಲದಿರುವುದನ್ನು ಗೊತ್ತಿಲ್ಲ ಎಂದೇ ಹೇಳಿಬಿಡೋಣ ಎಂದು ಮೇಡಂ ಮಗಳ ಆಸ್ಪತ್ರೆಯ ಕ್ಯಾಂಟೀನಿಗೆ ಹೋದೆ. ಎಲ್ಲವನ್ನೂ ಹೇಳಿದೆ. ನಾನು ಸುಮ್ಮನಿರಿ ಎಂದದ್ದನ್ನೂ, ಇನ್ನೂರು ಪುಟದ ಮಾತನ್ನೂ ಬಿಡಲಿಲ್ಲ. ಅವಳು ಬೈದಿದ್ದರೆ ಒಳ್ಳೆಯದಿತ್ತು, ಬೈಯಲಿಲ್ಲ.

"ಅಡುಗೆಮನೆಯಲ್ಲಿ ನಿಲ್ತಿದ್ದೆ ಆಂಟಿ. ದಿನಾ ನಿಲ್ತಿದ್ದೆ" ಎಂದಳು. ಆಮೇಲೆ, "ಆದ್ರೆ ಎಲ್ಲ ಹುಡುಗಿಯರೂ ನಿಲ್ತಾರೋ ಏನೋ" ಎಂದು ತಾನೇ ಅನುಮಾನಪಟ್ಟಳು. "ಆ ತಾಯಿ ಆಮೇಲೆ ಎಂತ ಮಾಡಿದ್ಳು?"

ಆಮೇಲಿನದು ರಂಜಾನಿನಲ್ಲಿ ಇನ್ನೊಂದು ಬೆಳಿಗ್ಗೆ ಹೇಳಿದ ಕಥೆ. ನಮಗೆ ಅದು ಅಷ್ಟು ರುಚಿಸಿರಲಿಲ್ಲ. ಹುಡುಗನ ಮನೆಯಿಂದ ಮಗಳ ಕೈಯಲ್ಲಿ ಒಂದು ಡಬ್ಬಿ ತಿಂಡಿ ಬಂದಿರುತ್ತದೆ, ಗುಳಿ ಇರುವ ಕಾವಲಿಯಲ್ಲಿ ಸುಟ್ಟ ಅಕ್ಕಿ ತೆಂಗಿನಕಾಯಿಯ ಅಪ್ಪ. ಮೂಡೆಯ ಹಾಗೆ ಇದೂ ಮೇಡಂ ಬದಲಾಯಿಸಿಕೊಂಡ ತಿಂಡಿ ಎಂದುಕೊಂಡಿದ್ದೆ. ಡಬ್ಬಿಯನ್ನು ಖಾಲಿ ಮರಳಿಸಬಾರದಲ್ಲ. ತಾಯಿ ಅದನ್ನು ತುಂಬಿಸಿಕೊಂಡು, ಯಾರಿಗೂ ಹೇಳದೆ, ಮುಚ್ಚಳದ ಮೇಲೆ ಬರೆದಿದ್ದ ಮನೆಯ ಗುರುತು ಹಿಡಿದು, ಆ ಅಜ್ಜಿಯ ಮನೆ ಹುಡುಕಿಕೊಂಡು ಹೋಗುತ್ತಾಳೆ. ತಾನು ಯಾರೆಂದು ಹೇಳುವುದಿಲ್ಲ. ಇಬ್ಬರಿಗೂ ಸರಿಯಾದ ಒಂದು ಭಾಷೆ ಇಲ್ಲ, ಒಲೆಯ ಹತ್ತಿರ ಕೂರುತ್ತಾರೆ. "ಹೊರಡುವಾಗ ತಾಯಿ ಒಂದು ಮಾತು ಹೇಳಿದಳು" ಎನ್ನುವಾಗ ಹಮ್ರಿಯಾ ಸಿಗ್ನಲ್ ಬಂತು. ಮರುದಿನ ಮೇಡಂ ಮೂವರು ಅಕ್ಕತಂಗಿಯರ ಪುಸ್ತಕ ಶುರುಮಾಡಿದರು. ಆ ಮಾತು ಏನೆಂದು ಕೇಳಲು ನಾವಿಬ್ಬರೂ ಮರೆತೆವು.

ಹುಡುಗಿ ತಟ್ಟೆಯಲ್ಲಿದ್ದ ಪಫ್ಸನ್ನು ಪುಡಿಪುಡಿ ಮಾಡಿದ್ದಳು. "ಅವನ ಅಜ್ಜಿ ಜಂಜಿಬಾರ್ ದ್ವೀಪದಿಂದ ಬಂದವರು ಆಂಟಿ. ಸುವೈಕಿನಲ್ಲಿದ್ದಾರೆ. ರಂಜಾನಿನಲ್ಲಿ ಊರಿಗೆಲ್ಲ ಅಪ್ಪ ಮಾಡಿ ಕೊಡ್ತಾರೆ. ಡಬ್ಬಿ ನಾನೇ ತಂದದ್ದು, ಆಸ್ಪತ್ರೆಯಲ್ಲಿ ಅವನು ಕೊಟ್ಟಿದ್ದ. ನಾನು ಇಷ್ಟರವರೆಗೆ ಆ ಮನೆಗೆ ಹೋಗ್ಲಿಲ್ಲ." ಪುಡಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತ ಹೇಳಿದಳು, "ಡಬ್ಬಿ ಎಲ್ಲಿ ಹೋಯ್ತು ಅಂತ ನಾನು ಆ ದಿನ ಹುಡುಕಿದ್ದೆ."

ಮುಂದಿನ ಶನಿವಾರ ಅವಳು ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ಅಳುವೂ ನಗುವೂ ಒಟ್ಟಿಗೆ. ಹಿಂದಿನ ದಿನ ಹುಡುಗನ ಜೊತೆ ಸುವೈಕಿಗೆ, ಅಜ್ಜಿಯ ಮನೆಗೆ ಹೋಗಿದ್ದಳಂತೆ. ಒಬ್ಬ ಹಿಂದಿ ಹೆಂಗಸು ಡಬ್ಬಿ ಹಿಡಿದು ಬಂದದ್ದು ಅಜ್ಜಿಗೆ ಚೆನ್ನಾಗಿ ನೆನಪಿತ್ತು. ಇಲ್ಲಿನವರಿಗೆ ನಾವೆಲ್ಲ ಹಿಂದಿಗಳೇ. ಅಜ್ಜಿಯ ಮಣಿಕಟ್ಟು ನೋಯುತ್ತದೆಂದು ಕಂಡು ಆ ಹೆಂಗಸು ತಾನೇ ಕಡ್ಡಿ ಹಿಡಿದು ಒಂದು ಸರತಿಯ ಅಪ್ಪಗಳನ್ನೆಲ್ಲ ಮಗುಚಿ ಹಾಕಿದಳಂತೆ. ಹೊರಡುವಾಗ ಮುರುಕು ಅರಬ್ಬಿಯಲ್ಲಿ ಹೇಳಿದ್ದು ಇಷ್ಟು. ನನ್ನ ಮಗಳಿಗೆ ಅಡುಗೆ ಬರುವುದಿಲ್ಲ, ಕಳಿಸುತ್ತೇನೆ, ನಿಮ್ಮ ಮನೆಯ ಅಡುಗೆ ಕಲಿಸಿ.

"ಅಜ್ಜಿ ಅವತ್ತಿನಿಂದ ಕಾಯ್ತಾ ಇದ್ದಾರಂತೆ ಆಂಟಿ. ಆ ಹೆಂಗಸಿನ ಮಗಳು ಇನ್ನೂ ಯಾಕೆ ಬರ್ಲಿಲ್ಲ ಅಂತ ಇವನ ಹತ್ರ ಎಷ್ಟೋ ಸಲ ಕೇಳಿದ್ದಾರಂತೆ. ಇವನಿಗೆ ಯಾರು ಅಂತ ಗೊತ್ತಾಗ್ಲಿಲ್ಲ."

ನನ್ನ ಮಾತು ಕೇಳಿ ಮೇಡಂ ಮಗಳೊಡನೆ ಸುಮ್ಮನಿದ್ದರೋ, ಅವರ ಸ್ವಭಾವವೇ ಹಾಗಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಸುಮ್ಮನಿರಿ ಎಂದ ಮೇಲೂ ಅಷ್ಟು ದೂರ ಹೋಗಿ ಬಂದರಲ್ಲ ಎಂದು ಒಮ್ಮೆ ಸಮಾಧಾನ, ಕೇಳಿ ಎಂದಿದ್ದರೆ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರಲ್ಲ ಎಂದು ಒಮ್ಮೆ ಸಂಕಟ. ಅವಳೆದುರು ಅದನ್ನೆಲ್ಲ ಹೇಳಲಿಲ್ಲ. ತಂದೆಗೆ ಹೇಳಿದೆಯಾ ಎಂದಷ್ಟೇ ಕೇಳಿದೆ.

"ಹೇಳಿದೆ. ಎರಡು ಸಲ ಹೇಳಿಸಿದ್ರು. ಅವಳು ಹಾಗೆ ಹೇಳಿದ್ದಾ, ಅದೇ ಮಾತಾ ಅಂತ ಕೇಳಿದ್ರು."

"ಆಮೇಲೆ?"

"ಹಾಗಾದ್ರೆ ಹೋಗಿ ಕಲಿ ಅಂದ್ರು ಆಂಟಿ. ಬರುವ ಶುಕ್ರವಾರ ನಮಾಜು ಮುಗಿಸಿ ಅವರೇ ಕರ್ಕೊಂಡು ಹೋಗ್ತಾರಂತೆ."